ಹಲ್ಲು ಬರಲಿಲ್ಲವೇ? ಗಾಬರಿ ಬೇಡ, ಅಸಡ್ಡೆಯೂ ಬೇಡ

ಮಗುವಿಗೆ ವರ್ಷ ತುಂಬುತ್ತಾ ಬಂತು. ಬಾಯಿ ತೆರೆದು ನಕ್ಕರೆ ಬರೀ ವಸಡು. ಪಕ್ಕದ ಮನೆಯ ಮಗು ಇದಕ್ಕಿಂತ ಎರಡು ತಿಂಗಳು ಚಿಕ್ಕದು, ಅದಾಗಲೇ ನಾಲ್ಕು ಹಲ್ಲು ತೋರಿಸಿ ಬಿಸ್ಕತ್ತು ಕಡಿಯುತ್ತಿದೆ. ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇನ್ನೂ ಹಲ್ಲು ಬರಲಿಲ್ವಾ?" ಗಲ್ಫ್‌ನಲ್ಲಿರುವ ತಂದೆ ಫೋನ್ ಮಾಡಿದಾಗಲೂ ಅದನ್ನೇ ವಿಚಾರಿಸುತ್ತಾರೆ. "ಬಸುರಿಯಾಗಿದ್ದಾಗ ಸರಿಯಾಗಿ ಹಾಲು ಕುಡಿಯಲಿಲ್ಲ, ಹೇಳಿದ್ದನ್ನು ತಿನ್ನಲಿಲ್ಲ, ಅದಕ್ಕೇ ಹೀಗೆ" ಎಂದು ಅತ್ತೆ ಗೊಣಗುತ್ತಾರೆ. ಕೊನೆಗೆ ತಪ್ಪೆಲ್ಲ ತಾಯಿಯ ತಲೆಗೆ.

ಇನ್ನೊಂದು ಮನೆಯ ಕಥೆ ಇದಕ್ಕೆ ತದ್ವಿರುದ್ಧ. ಮಗಳಿಗೆ ಹದಿನಾಲ್ಕು ವರ್ಷ. ಮೇಲಿನ ಸಾಲಿನಲ್ಲಿ ಒಂದು ಬದಿಯ ಕೋರೆಹಲ್ಲು ಬಂದಿದೆ, ಇನ್ನೊಂದು ಬದಿಯದು ಬಂದಿಲ್ಲ. ಆ ಜಾಗದಲ್ಲಿ ಪುಟ್ಟ ಹಾಲುಹಲ್ಲೊಂದು ಇನ್ನೂ ಗಟ್ಟಿಯಾಗಿ ಕುಳಿತಿದೆ. ನೋವಿಲ್ಲ, ಊತವಿಲ್ಲ. ಆದುದರಿಂದ ಯಾರೂ ಅತ್ತ ಗಮನ ಕೊಟ್ಟಿಲ್ಲ. "ಬರುವಾಗ ಬರುತ್ತದೆ ಬಿಡು" ಎಂದು ಎಲ್ಲರೂ ಸುಮ್ಮನಾಗಿದ್ದಾರೆ.

ವಿಚಿತ್ರವೆಂದರೆ ಮೊದಲ ಮನೆಯವರು ಪಡುವ ಆತಂಕ ಹೆಚ್ಚಿನ ಸಂದರ್ಭಗಳಲ್ಲಿ ಅನಗತ್ಯ. ಎರಡನೆಯ ಮನೆಯವರ ನಿಶ್ಚಿಂತೆಯೇ ಅಪಾಯಕಾರಿ. ಹಲ್ಲು ಬಾರದಿದ್ದಾಗ ಎಲ್ಲಿಯವರೆಗೆ ಕಾಯಬಹುದು, ಎಲ್ಲಿಂದ ಮುಂದೆ ಕಾಯಬಾರದು ಎಂಬುದು ಪ್ರತಿಯೊಬ್ಬ ತಾಯಿಗೂ ತಿಳಿದಿರಬೇಕು.

ಯಾವ ಹಲ್ಲು ಯಾವಾಗ?

ಹಲ್ಲಿನ ತಯಾರಿ ಮಗು ಹುಟ್ಟುವ ಎಷ್ಟೋ ಮೊದಲೇ ಆರಂಭವಾಗುತ್ತದೆ. ಗರ್ಭದ ಆರನೇ ವಾರದ ಹೊತ್ತಿಗೇ ಹಾಲುಹಲ್ಲುಗಳ ಮೊಳಕೆ ಕಾಣಿಸಿಕೊಳ್ಳುತ್ತದೆ. ಹುಟ್ಟಿದ ಮಗುವಿನ ಬಾಯಲ್ಲಿ ಹಲ್ಲಿಲ್ಲ ಎಂದರೆ ಅದು ಕಾಣುವುದಿಲ್ಲ ಎಂದಷ್ಟೇ ಅರ್ಥ. ವಸಡಿನ ಕೆಳಗೆ ದವಡೆಯ ಎಲುಬಿನೊಳಗೆ ಹಲ್ಲುಗಳು ಬೆಳೆಯುತ್ತಿರುತ್ತವೆ.

ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳಗಿನ ಎರಡು ಮುಂಬಾಚಿಹಲ್ಲುಗಳು ಬರುತ್ತವೆ. 8ರಿಂದ 12 ತಿಂಗಳಲ್ಲಿ ಮೇಲಿನವು. ವರ್ಷ ದಾಟಿದ ಬಳಿಕ ದವಡೆ ಹಲ್ಲುಗಳು, ಆಮೇಲೆ ಕೋರೆಹಲ್ಲುಗಳು. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳೂ ಬಂದಿರಬೇಕು.

ಆರನೇ ವರ್ಷದ ಸುಮಾರಿಗೆ ಶಾಶ್ವತ ಹಲ್ಲುಗಳ ಸರದಿ. ಮೊದಲು ಬರುವ ಶಾಶ್ವತ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಮೂಡುತ್ತದೆ. ಎಷ್ಟೋ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕು ಹಿಡಿದರೂ ಸುಮ್ಮನಿರುತ್ತಾರೆ. ಮುಂಭಾಗದ ಬಾಚಿಹಲ್ಲುಗಳು 6ರಿಂದ 9 ವರ್ಷದಲ್ಲಿ, ಕೆಳಗಿನ ಕೋರೆಹಲ್ಲು 9-10ರಲ್ಲಿ, ಮೇಲಿನ ಕೋರೆಹಲ್ಲು 11-12ರಲ್ಲಿ, ಎರಡನೆಯ ದವಡೆ ಹಲ್ಲು 11ರಿಂದ 13ರಲ್ಲಿ ಬರುತ್ತವೆ. ಕೊನೆಯದಾಗಿ ಬರುವ ಬುದ್ಧಿಹಲ್ಲು 17ರಿಂದ 21 ವರ್ಷದಲ್ಲಿ. ಹೀಗೆ ಒಟ್ಟು 32.

ಈ ಲೆಕ್ಕದಲ್ಲಿ ಕೆಲವು ತಿಂಗಳು ಹಿಂದುಮುಂದಾದರೆ ಚಿಂತಿಸಬೇಕಿಲ್ಲ. ಹಲ್ಲು ಬರುವ ಹೊತ್ತು ಬಹುಮಟ್ಟಿಗೆ ವಂಶದಿಂದ ಬರುವಂತಹದ್ದು. ಮಗುವಿನ ತಂದೆಗೋ ತಾಯಿಗೋ ತಡವಾಗಿ ಹಲ್ಲು ಬಂದಿದ್ದರೆ ಮಗುವಿಗೂ ತಡವಾಗಬಹುದು. ಗೊಣಗುವ ಅಜ್ಜಿಯನ್ನೇ ಕೇಳಿ ನೋಡಿ, "ನಿಮ್ಮ ಮಗನಿಗೆ ಯಾವಾಗ ಬಂದಿತ್ತು?" ಎಂದು. ಉತ್ತರ ಅಲ್ಲಿಯೇ ಸಿಕ್ಕೀತು.

ಮಗುವಿಗೆ ಹಲ್ಲು ತಡವಾದರೆ

ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆ ಇದ್ದ ಮಕ್ಕಳಿಗೆ ಹಲ್ಲು ತಡವಾಗಿ ಬರುವುದು ಸಹಜ. ಅವರ ಪ್ರಾಯವನ್ನು ಹುಟ್ಟಿದ ದಿನದಿಂದಲ್ಲ, ವೈದ್ಯರು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಆಗ ಎಷ್ಟೋ ಬಾರಿ ತಡವಾಗಿಯೇ ಇಲ್ಲ ಎಂದು ತಿಳಿಯುತ್ತದೆ.

ಮಗು ಚುರುಕಾಗಿದ್ದು, ತೂಕ ಏರುತ್ತಿದ್ದು, ಕುಳಿತುಕೊಳ್ಳುವುದು, ನಿಲ್ಲುವುದು ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದರೆ ವರ್ಷದವರೆಗೆ ನಿಶ್ಚಿಂತೆಯಿಂದಿರಿ. ವರ್ಷ ತುಂಬಿದಾಗ ಒಮ್ಮೆ ದಂತ ವೈದ್ಯರಿಗೆ ತೋರಿಸಿ. 18 ತಿಂಗಳಾದರೂ ಒಂದು ಹಲ್ಲೂ ಮೂಡದಿದ್ದರೆ ಕಾರಣ ಹುಡುಕಲೇಬೇಕು.

ಯಾಕೆಂದರೆ ಕೆಲವೊಮ್ಮೆ ಬಾರದ ಹಲ್ಲು ದೇಹದೊಳಗಿನ ಬೇರೊಂದು ತೊಂದರೆಯ ಸೂಚನೆಯಾಗಿರುತ್ತದೆ. ಅವುಗಳಲ್ಲಿ ಮುಖ್ಯವಾದುದು ಥೈರಾಯ್ಡ್ ಗ್ರಂಥಿಯ ಕೊರತೆ. ಇಂತಹ ಮಗು ಹೆಚ್ಚು ಅಳುವುದಿಲ್ಲ, ಸದಾ ನಿದ್ದೆ ಮಾಡುತ್ತದೆ. ನೋಡಿದವರು "ಎಷ್ಟು ಪಾಪದ ಮಗು!" ಎಂದು ಹೊಗಳುತ್ತಾರೆ. ಆದರೆ ಮಲಬದ್ಧತೆ, ಒಣ ಚರ್ಮ, ಒರಟು ಅಳು, ದಪ್ಪ ನಾಲಿಗೆ, ಹುಟ್ಟಿದಾಗ ಬಹಳ ದಿನ ಉಳಿದ ಕಾಮಾಲೆ ಇವೆಲ್ಲ ಜೊತೆಗಿದ್ದರೆ ಅದು ಪಾಪವಲ್ಲ, ಕಾಯಿಲೆ. ಹುಟ್ಟಿದ ಕೆಲವೇ ವಾರಗಳಲ್ಲಿ ಪತ್ತೆಯಾದರೆ ದಿನಕ್ಕೊಂದು ಮಾತ್ರೆಯಿಂದ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಹಲ್ಲು ಆಮೇಲೆ ಬಂದೀತು, ಆದರೆ ಮೆದುಳಿಗೆ ಆದ ನಷ್ಟ ಪೂರ್ತಿಯಾಗಿ ತುಂಬಿ ಬಾರದು. ಆದ್ದರಿಂದಲೇ ನವಜಾತ ಶಿಶುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆಯನ್ನು "ಪಾಪ, ಪುಟ್ಟ ಕೂಸಿಗೆ ಸೂಜಿ ಯಾಕೆ?" ಎಂದು ತಪ್ಪಿಸಬೇಡಿ.

ಇನ್ನೊಂದು ಕಾರಣ 'ಡಿ' ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್. ಇದರಲ್ಲಿ ಹಲ್ಲು ಮಾತ್ರವಲ್ಲ, ನಡೆಯುವುದೂ ತಡವಾಗುತ್ತದೆ. ಮಣಿಕಟ್ಟು ದಪ್ಪವಾಗುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ನೆತ್ತಿ ಬೇಗನೆ ಮುಚ್ಚುವುದಿಲ್ಲ. ತಾಯಿಯ ಹಾಲು ಶ್ರೇಷ್ಠ ಆಹಾರವೇ ಆದರೂ ಅದರಲ್ಲಿ 'ಡಿ' ಜೀವಸತ್ವ ಕಡಿಮೆ. ಬಿಸಿಲು ಕಾಣದೆ ಮನೆಯೊಳಗೇ ಇರುವ ತಾಯಂದಿರಲ್ಲಂತೂ ಇನ್ನೂ ಕಡಿಮೆ. ಮೊದಲ ವರ್ಷ ಶಿಶುವಿಗೆ ದಿನಕ್ಕೆ 400 ಯೂನಿಟ್‌ನಷ್ಟು 'ಡಿ' ಹನಿಗಳನ್ನು ಕೊಡುವಂತೆ ಮಕ್ಕಳ ತಜ್ಞರು ಹೇಳುವುದು ಇದಕ್ಕಾಗಿಯೇ. ಹಾಗೆಂದು ಹಲ್ಲು ಬರಲೆಂದು ನೀವಾಗಿಯೇ ಬಾಟಲಿಗಟ್ಟಲೆ ಕ್ಯಾಲ್ಸಿಯಂ, 'ಡಿ' ಔಷಧ ಕುಡಿಸಬೇಡಿ. 'ಡಿ' ಜೀವಸತ್ವ ಅತಿಯಾದರೆ ಮೂತ್ರಪಿಂಡಕ್ಕೆ ಹಾನಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಹಲ್ಲು ತಡವಾಗಿ, ಕ್ರಮ ತಪ್ಪಿ ಬರುತ್ತದೆ. ಅವರನ್ನು ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ನೊಂದುಕೊಳ್ಳಬಾರದು.

ಬಿಡಬೇಕಾದ ಕೆಲವು ನಂಬಿಕೆಗಳು

ಹಲ್ಲಿಲ್ಲವೆಂದು ಕೆಲವು ತಾಯಂದಿರು ಮಗುವಿಗೆ ಬರೀ ಹಾಲನ್ನೇ ಮುಂದುವರಿಸುತ್ತಾರೆ. ಇದು ದೊಡ್ಡ ತಪ್ಪು. ಆರು ತಿಂಗಳು ತುಂಬಿದ ಮಗುವಿಗೆ ಹಲ್ಲಿರಲಿ ಇಲ್ಲದಿರಲಿ ರಾಗಿ ಮಣ್ಣಿ, ಮೆತ್ತಗೆ ಹಿಸುಕಿದ ಅನ್ನ-ಬೇಳೆ, ಬಾಳೆಹಣ್ಣು ಶುರು ಮಾಡಲೇಬೇಕು. ಮಗು ವಸಡಿನಿಂದಲೇ ಚೆನ್ನಾಗಿ ಜಗಿಯುತ್ತದೆ.

"ಹಲ್ಲು ಬರುವಾಗ ಜ್ವರ, ಭೇದಿ ಇದ್ದದ್ದೇ" ಎಂಬ ಮಾತು ಎಷ್ಟೋ ಮಕ್ಕಳ ಜೀವಕ್ಕೆ ಎರವಾಗಿದೆ. ಹಲ್ಲು ಮೂಡುವಾಗ ಜೊಲ್ಲು ಸುರಿಯಬಹುದು, ವಸಡು ಕಡಿಯಬಹುದು, ಮಗು ಸ್ವಲ್ಪ ಕಿರಿಕಿರಿ ಮಾಡಬಹುದು. ಏರಿದ ಜ್ವರಕ್ಕೂ ನೀರಿನಂತಹ ಭೇದಿಗೂ ಹಲ್ಲು ಕಾರಣವಲ್ಲ. ಕಂಡಕಂಡದ್ದನ್ನು ಬಾಯಿಗೆ ಹಾಕುವ ಪ್ರಾಯವದು, ಸೋಂಕು ಅಲ್ಲಿಂದ ಬರುತ್ತದೆ. ಭೇದಿಯಾದರೆ ಓಆರ್‌ಎಸ್ ಕುಡಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ವಸಡನ್ನು ಉಗುರಿನಿಂದ ಕೀರುವುದು, ನಾಣ್ಯದಿಂದ ಉಜ್ಜುವುದು ಬೇಡ. ವಸಡು ಮರಗಟ್ಟಿಸುವ ಬೆಂಜೊಕೇನ್ ಇರುವ ಜೆಲ್‌ಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಶುಚಿಯಾದ ಬೆರಳಿನಿಂದ ಮೆಲ್ಲಗೆ ಸವರಿದರೆ ಸಾಕು.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತು ನಮ್ಮ ನಾಡಿನಲ್ಲಿದೆ. ಹಲ್ಲು ಬರುವ ಕ್ರಮಕ್ಕೂ ಮಾವನ ಆಯುಷ್ಯಕ್ಕೂ ಸಂಬಂಧವಿಲ್ಲ. ಕ್ರಮ ಬದಲಾಗುವುದು ಅನೇಕ ಮಕ್ಕಳಲ್ಲಿ ಸಹಜ.

ಬಿದ್ದ ಹಲ್ಲಿನ ಜಾಗ ಖಾಲಿ ಉಳಿದರೆ

ಬಿದ್ದ ಹಾಲುಹಲ್ಲನ್ನು ಮಕ್ಕಳು ಹಂಚಿನ ಮೇಲೆ ಎಸೆದು ಹೊಸ ಹಲ್ಲಿಗಾಗಿ ಕಾಯುವುದುಂಟು. ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಬರುತ್ತದೆ. ಬಾರದಿದ್ದರೆ ಮುಖ್ಯವಾಗಿ ಈ ಕಾರಣಗಳಿರಬಹುದು.

ಮೊದಲನೆಯದು ಸ್ಥಳದ ಅಭಾವ. ಹಾಲುಹಲ್ಲು ಎಂದರೆ ಬಸ್ಸಿನ ಸೀಟಿನಲ್ಲಿ ಹಾಕಿಟ್ಟ ಕರವಸ್ತ್ರವಿದ್ದಂತೆ. ಹಿಂದೆ ಬರುವವನಿಗೆ ಅದು ಜಾಗ ಕಾಯ್ದಿರಿಸುತ್ತದೆ. ಹುಳುಕು ಹಿಡಿದು ಆ ಹಲ್ಲನ್ನು ಬೇಗನೆ ಕೀಳಿಸಿಬಿಟ್ಟರೆ ಹಿಂದಿನ ದವಡೆ ಹಲ್ಲು ಮುಂದೆ ಸರಿದು ಸೀಟು ಹಿಡಿದುಬಿಡುತ್ತದೆ. ಆಮೇಲೆ ಬರಬೇಕಾದ ಹಲ್ಲಿಗೆ ದಾರಿಯಿಲ್ಲ. "ಹಾಲುಹಲ್ಲು ತಾನೆ, ಹೇಗೂ ಬೀಳುತ್ತದೆ" ಎಂದು ಅದರ ಹುಳುಕನ್ನು ನಿರ್ಲಕ್ಷಿಸಬಾರದು ಎನ್ನುವುದು ಇದಕ್ಕೇ. ಕೀಳಲೇಬೇಕಾದರೆ ಆ ಜಾಗ ಮುಚ್ಚದಂತೆ ತಡೆಯುವ ಸಣ್ಣ ತಂತಿಯ ಸಾಧನವನ್ನು ದಂತ ವೈದ್ಯರು ಅಳವಡಿಸುತ್ತಾರೆ.

ಎರಡನೆಯದು ಅಡ್ಡ ನಿಂತ ಹೆಚ್ಚುವರಿ ಹಲ್ಲು. ಮೇಲಿನ ಎರಡು ಮುಂಬಾಚಿಹಲ್ಲುಗಳ ನಡುವೆ ಕೆಲವು ಮಕ್ಕಳಲ್ಲಿ ಮೊಳೆಯಂತಹ ಪುಟ್ಟ ಹಲ್ಲೊಂದು ಬೆಳೆದು ದಾರಿ ಕಟ್ಟುತ್ತದೆ. ಎಂಟು ವರ್ಷ ದಾಟಿದರೂ ಮೇಲಿನ ಮುಂಬಾಚಿ ಬಾರದಿದ್ದರೆ ಮೊದಲು ಸಂಶಯಿಸಬೇಕಾದುದು ಇದನ್ನು. ಕೆಲವೊಮ್ಮೆ ಸಣ್ಣ ಗಡ್ಡೆಯೋ ನೀರು ತುಂಬಿದ ಚೀಲವೋ ಅಡ್ಡವಾಗಿರಬಹುದು.

ಮೂರನೆಯದು ಪೆಟ್ಟು. ಎರಡು-ಮೂರು ವರ್ಷದಲ್ಲಿ ಮಗು ಮುಖ ಅಡಿಯಾಗಿ ಬಿದ್ದು ಹಾಲುಹಲ್ಲು ವಸಡಿನೊಳಗೆ ಹೊಕ್ಕಿದ್ದರೆ ಅದರ ಮೇಲ್ಗಡೆ ಬೆಳೆಯುತ್ತಿದ್ದ ಶಾಶ್ವತ ಹಲ್ಲು ಬಾಗಿಹೋಗಬಹುದು. ಅಂತಹ ಘಟನೆ ನೆನಪಿದ್ದರೆ ವೈದ್ಯರಿಗೆ ಹೇಳಿ.

ನಾಲ್ಕನೆಯದು ವಸಡೇ ದಪ್ಪಗಾಗಿರುವುದು. ಅಪಸ್ಮಾರಕ್ಕೆ ಕೊಡುವ ಫಿನಿಟಾಯಿನ್ ಎಂಬ ಔಷಧದಿಂದ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚುತ್ತದೆ. ಹಾಗೆಂದು ಔಷಧವನ್ನು ನೀವಾಗಿ ನಿಲ್ಲಿಸಬಾರದು, ವೈದ್ಯರೊಂದಿಗೆ ಮಾತನಾಡಿ.

ಐದನೆಯದು ಅಪರೂಪದ್ದು. ದಾರಿ ಖಾಲಿಯಿದ್ದರೂ ಹಲ್ಲು ಮೇಲೇರುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಹಿಂಭಾಗದ ದವಡೆ ಹಲ್ಲುಗಳಲ್ಲಿ ಕಾಣುವ ಇದು ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿ ಬರುತ್ತದೆ. ಇಂತಹ ಹಲ್ಲನ್ನು ತಂತಿ ಕಟ್ಟಿ ಎಳೆದರೆ ಅದು ಬರುವುದಿಲ್ಲ, ಬದಲಿಗೆ ಅಕ್ಕಪಕ್ಕದ ಹಲ್ಲುಗಳು ಒಳಗೆ ಸರಿಯುತ್ತವೆ. ಅದಕ್ಕೇ ತಜ್ಞರ ಸರಿಯಾದ ನಿರ್ಣಯ ಬಹಳ ಮುಖ್ಯ.

ಹಲ್ಲೇ ಹುಟ್ಟಿಲ್ಲದಿದ್ದರೆ

ಕೆಲವರಲ್ಲಿ ಹಲ್ಲು ಒಳಗೆ ಸಿಕ್ಕಿಕೊಂಡಿರುವುದಿಲ್ಲ, ಅದು ಹುಟ್ಟಿರುವುದೇ ಇಲ್ಲ. ಬುದ್ಧಿಹಲ್ಲು ಇಲ್ಲದವರು ಬಹಳ ಮಂದಿ. ಅದನ್ನು ಬಿಟ್ಟರೆ ಮೇಲಿನ ಬದಿಯ ಬಾಚಿಹಲ್ಲು ಮತ್ತು ಕೆಳಗಿನ ದವಡೆಯ ಎರಡನೆಯ ಮುಂದವಡೆ ಹಲ್ಲು ಇಲ್ಲದಿರುವುದು ಹೆಚ್ಚು. ಇಂತಹ ಕಡೆ ಉಳಿದುಕೊಂಡ ಹಾಲುಹಲ್ಲೇ ಆಸರೆ. ಆದ್ದರಿಂದ ಎಕ್ಸ್‌ರೇ ತೆಗೆಸದೆ "ಹೊತ್ತು ಮೀರಿದ ಹಾಲುಹಲ್ಲು" ಎಂದು ಕೀಳಿಸಬೇಡಿ. ಜೋಪಾನ ಮಾಡಿದರೆ ಅದು ಎಷ್ಟೋ ವರ್ಷ ಬಾಳುತ್ತದೆ.

ಬಹಳಷ್ಟು ಹಲ್ಲುಗಳು ಇಲ್ಲದೆ, ಕೂದಲು ವಿರಳವಾಗಿದ್ದು, ಮಗು ಬೆವರದೆ, ಸೆಕೆಗಾಲದಲ್ಲಿ ಪದೇಪದೇ ಮೈ ಕಾದರೆ ಅದು ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂಬ ಅನುವಂಶಿಕ ತೊಂದರೆ. ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಸಿಂಧ್ ಪ್ರಾಂತದ ಒಂದು ಕುಟುಂಬದ ಬಗ್ಗೆ ಬರೆದಿದ್ದಾರೆ. ನಾಲ್ಕು ತಲೆಮಾರುಗಳ ಹತ್ತು ಗಂಡಸರಿಗೆ ಕೆಲವೇ ಹಲ್ಲುಗಳು, ಮೈಯಲ್ಲಿ ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಇದು ಇರಲಿಲ್ಲ. ಇದರ ಸಾಮಾನ್ಯ ಬಗೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ ಎಂದು ಇಂದು ನಮಗೆ ತಿಳಿದಿದೆ. ಇಲ್ಲಿಯೂ ತಾಯಿಯನ್ನು ದೂರುವುದು ಸುಲಭ. ಆದರೆ ತನ್ನ ಕಣ್ಣಿನ ಬಣ್ಣವನ್ನು ಹೇಗೆ ಯಾರೂ ಆರಿಸಿಕೊಂಡಿಲ್ಲವೋ ಹಾಗೆಯೇ ಇದನ್ನೂ ಯಾವ ತಾಯಿಯೂ ಆರಿಸಿಕೊಂಡಿಲ್ಲ. ಇಂತಹ ಮಗುವನ್ನು ಬಿಸಿಲಿನ ತಾಪದಿಂದ ಕಾಪಾಡಬೇಕು, ಆಗಾಗ ಮೈ ಒರೆಸಿ ತಂಪು ಮಾಡಬೇಕು. ಮೂರ್ನಾಲ್ಕು ವರ್ಷದಲ್ಲೇ ಪುಟ್ಟ ಸೆಟ್ಟು ಹಲ್ಲು ಮಾಡಿಸಿದರೆ ಮಗು ಜಗಿಯುತ್ತದೆ, ಸ್ಪಷ್ಟವಾಗಿ ಮಾತನಾಡುತ್ತದೆ, ಶಾಲೆಯಲ್ಲಿ ಬಾಯಿ ಮುಚ್ಚಿ ಕೂರುವುದಿಲ್ಲ.

ದಾರಿ ತಪ್ಪುವ ಕೋರೆಹಲ್ಲು

ಈಗ ನಾವು ಆರಂಭದಲ್ಲಿ ನೋಡಿದ ಹದಿನಾಲ್ಕರ ಹುಡುಗಿಯ ವಿಷಯಕ್ಕೆ ಬರೋಣ. ಬುದ್ಧಿಹಲ್ಲಿನ ಬಳಿಕ ಅತಿ ಹೆಚ್ಚು ಸಿಕ್ಕಿಕೊಳ್ಳುವುದು ಮೇಲಿನ ಕೋರೆಹಲ್ಲು. ಅದು ಮೂಗಿನ ಪಕ್ಕದಲ್ಲಿ ಬಹಳ ಎತ್ತರದಲ್ಲಿ ಹುಟ್ಟಿ ದೂರದ ಪ್ರಯಾಣ ಮಾಡಿ ಕೆಳಗಿಳಿಯಬೇಕು. ನೂರಕ್ಕೆ ಒಬ್ಬಿಬ್ಬರಲ್ಲಿ ಅದು ದಾರಿ ತಪ್ಪಿ ಅಂಗುಳದ ಕಡೆಗೋ ತುಟಿಯ ಕಡೆಗೋ ವಾಲುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು. ನೋವಿಲ್ಲದ ಕಾರಣ ತಿಳಿಯುವುದೇ ಇಲ್ಲ. ಅಷ್ಟರಲ್ಲಿ ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ತಿಂದು ಹಾಕಿರಬಹುದು. ಒಂದು ಹಲ್ಲು ಬಾರದ್ದಕ್ಕೆ ಎರಡು ಹಲ್ಲು ಹೋದಂತೆ.

ಇದನ್ನು ಮೊದಲೇ ಅರಿಯಲು ಸುಲಭದ ಉಪಾಯವಿದೆ. ಮಗುವಿಗೆ ಹತ್ತು ವರ್ಷವಾದಾಗ ಕೈ ತೊಳೆದು, ಮೇಲ್ತುಟಿ ಎತ್ತಿ, ಹಾಲು ಕೋರೆಹಲ್ಲಿನ ಮೇಲ್ಗಡೆಯ ವಸಡನ್ನು ಬೆರಳಿನಿಂದ ಮುಟ್ಟಿ ನೋಡಿ. ಎರಡೂ ಬದಿಯಲ್ಲಿ ಗಟ್ಟಿಯಾದ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಅಥವಾ ಎರಡೂ ಕಡೆ ಸಿಗದಿದ್ದರೆ ದಂತ ವೈದ್ಯರಿಗೆ ತೋರಿಸಿ.

ಈ ಪ್ರಾಯದಲ್ಲಿ ಕಂಡುಹಿಡಿದರೆ ಚಿಕಿತ್ಸೆ ಎಷ್ಟು ಸುಲಭವೆನ್ನುವುದಕ್ಕೆ ಸ್ವೀಡನ್ನಿನ ಎರಿಕ್ಸನ್ ಮತ್ತು ಕ್ಯುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. 10ರಿಂದ 13 ವರ್ಷದ ಮಕ್ಕಳಲ್ಲಿ ಅಂಗುಳದ ಕಡೆ ವಾಲಿದ್ದ 46 ಕೋರೆಹಲ್ಲುಗಳಿಗೆ ಅವರು ಮಾಡಿದ್ದು ಇಷ್ಟೇ: ಅಲ್ಲಿದ್ದ ಹಾಲು ಕೋರೆಹಲ್ಲನ್ನು ಕಿತ್ತರು. ಅವುಗಳಲ್ಲಿ 36 ಹಲ್ಲುಗಳು ತಾವಾಗಿಯೇ ಸರಿದಾರಿಗೆ ಬಂದವು. ಹತ್ತು ವರ್ಷದಲ್ಲಿ ಒಂದು ಹಾಲುಹಲ್ಲು ಕೀಳುವುದರಲ್ಲಿ ಮುಗಿಯುವ ಕೆಲಸಕ್ಕೆ ಹದಿನೈದರಲ್ಲಿ ಶಸ್ತ್ರಚಿಕಿತ್ಸೆಯೂ ತಂತಿಯೂ ಬೇಕಾಗುತ್ತದೆ.

ಬುದ್ಧಿಹಲ್ಲಿನ ಕಾಟ

ಬುದ್ಧಿಹಲ್ಲು ಅರ್ಧ ಬಂದು ನಿಂತರೆ ಅದರ ಮೇಲಿನ ವಸಡಿನಡಿ ಅನ್ನದ ಅಗುಳು ಸೇರಿ ಕೀವಾಗುತ್ತದೆ. ಬಾಯಿ ತೆರೆಯಲಾಗದಷ್ಟು ನೋವು, ಕೆನ್ನೆ ಊತ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದರಿಂದ ತಾತ್ಕಾಲಿಕ ಶಮನ ಸಿಕ್ಕೀತು. ಜ್ವರ ಬಂದರೆ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ಪದೇಪದೇ ಕಾಡುವ ಅಥವಾ ಮುಂದಿನ ಹಲ್ಲನ್ನು ಕೆಡಿಸುವ ಬುದ್ಧಿಹಲ್ಲನ್ನು ತೆಗೆಸಬೇಕು. ತೊಂದರೆಯೇ ಇಲ್ಲದಿದ್ದರೆ ಎಲ್ಲರೂ ತೆಗೆಸಬೇಕೆಂದಿಲ್ಲ.

ಗರ್ಭಿಣಿಯರು ಹಲ್ಲುನೋವನ್ನು ಹೆರಿಗೆಯವರೆಗೆ ಸಹಿಸಿಕೊಂಡಿರುವ ಅಗತ್ಯವಿಲ್ಲ. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲದ ಕಾಲ. ಸೋಂಕು ಮತ್ತು ಊತವಿದ್ದರೆ ಯಾವ ತಿಂಗಳಾದರೂ ಕಾಯಬಾರದು. ಗರ್ಭಿಣಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ.

ಚಿಕಿತ್ಸೆ ಹೇಗೆ?

ಮೊದಲ ಹೆಜ್ಜೆ ಎಕ್ಸ್‌ರೇ. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಒಪಿಜಿ ಎಂಬ ಒಂದೇ ಚಿತ್ರದಲ್ಲಿ ಯಾವ ಹಲ್ಲು ಇದೆ, ಯಾವುದು ಇಲ್ಲ, ಯಾವುದು ಅಡ್ಡ ಮಲಗಿದೆ ಎಂದು ತಿಳಿಯುತ್ತದೆ. ಇದರ ವಿಕಿರಣ ಬಹಳ ಅಲ್ಪ, ಹೆದರಬೇಕಿಲ್ಲ.

ವಸಡು ಮಾತ್ರ ಅಡ್ಡಿಯಾಗಿದ್ದರೆ ಚಿಕ್ಕದಾಗಿ ಕತ್ತರಿಸಿ ದಾರಿ ಮಾಡುತ್ತಾರೆ. ಹೆಚ್ಚುವರಿ ಹಲ್ಲು ಅಥವಾ ಗಡ್ಡೆಯಿದ್ದರೆ ತೆಗೆಯುತ್ತಾರೆ. ಎಷ್ಟೋ ಬಾರಿ ಆಮೇಲೆ ಹಲ್ಲು ತಾನಾಗಿಯೇ ಇಳಿಯುತ್ತದೆ. ಜಾಗ ಸಾಲದಿದ್ದರೆ ಕ್ಲಿಪ್ ಹಾಕಿ ಜಾಗ ಮಾಡುತ್ತಾರೆ. ಎಲುಬಿನೊಳಗೆ ಸಿಕ್ಕಿದ ಕೋರೆಹಲ್ಲಾದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡು ತೆರೆದು, ಹಲ್ಲಿಗೆ ಸಣ್ಣ ಗುಂಡಿಯೊಂದನ್ನು ಅಂಟಿಸಿ, ತೆಳುವಾದ ಸರಪಳಿಯ ಮೂಲಕ ಕ್ಲಿಪ್‌ಗೆ ಕಟ್ಟಿ ನಿಧಾನವಾಗಿ ಸಾಲಿಗೆ ಎಳೆದು ತರುತ್ತಾರೆ. ಇದಕ್ಕೆ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ನಡುವೆ ಬಿಟ್ಟುಬಿಡಬಾರದು. ಪ್ರಾಯ ಹೆಚ್ಚಾದಷ್ಟೂ ಹಲ್ಲು ಎಲುಬಿಗೆ ಅಂಟಿಕೊಂಡು ಅಲುಗದಿರುವ ಸಂಭವ ಹೆಚ್ಚು.

ಹಲ್ಲೇ ಇಲ್ಲದಿದ್ದರೆ ಪಕ್ಕದ ಹಲ್ಲುಗಳನ್ನು ಸರಿಸಿ ಜಾಗ ಮುಚ್ಚಬಹುದು, ಅಥವಾ ಕೃತಕ ಹಲ್ಲು ಕೂರಿಸಬಹುದು. ಎಲುಬಿಗೆ ತಿರುಪು ಹಾಕಿ ಕೂರಿಸುವ ಇಂಪ್ಲಾಂಟ್ ಮಾತ್ರ ದವಡೆಯ ಬೆಳವಣಿಗೆ ಮುಗಿದ ಮೇಲೆ, ಸಾಮಾನ್ಯವಾಗಿ 18 ದಾಟಿದ ಬಳಿಕ. ಅಲ್ಲಿಯವರೆಗೆ ತೆಗೆದು ಹಾಕುವ ಅಥವಾ ಅಂಟಿಸುವ ಹಲ್ಲು ಸಾಕು. ಹೊಸ ಹಲ್ಲನ್ನೇ ಬೆಳೆಸುವ ಔಷಧವೊಂದರ ಮೊದಲ ಹಂತದ ಪ್ರಯೋಗ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2024ರಲ್ಲಿ ಶುರುವಾಗಿದೆ. ಅದು ಕೈಗೆ ಸಿಗುತ್ತದೆಂದು ಕಾಯುತ್ತಾ ಇಂದಿನ ಚಿಕಿತ್ಸೆಯನ್ನು ಮುಂದೂಡಬಾರದು.

ಖರ್ಚಿನ ಚಿಂತೆ ಇರುವವರು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿ ಕ್ಲಿನಿಕ್‌ಗಿಂತ ಅಲ್ಲಿ ಸಾಮಾನ್ಯವಾಗಿ ಕಡಿಮೆ ವೆಚ್ಚದಲ್ಲಿ ಆಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ತಪಾಸಣೆಗೆ ಬರುವ ವೈದ್ಯರ ತಂಡಕ್ಕೂ ಮಗುವಿನ ಹಲ್ಲು ತೋರಿಸಬಹುದು.

ನೆನಪಿಡಿ

* ವರ್ಷ ತುಂಬಿದಾಗ ಮೊದಲ ದಂತ ತಪಾಸಣೆ. 18 ತಿಂಗಳಾದರೂ ಹಲ್ಲಿಲ್ಲದಿದ್ದರೆ ಮಕ್ಕಳ ತಜ್ಞರಿಗೂ ತೋರಿಸಿ.

* ಹಲ್ಲುಗಳು ಜೋಡಿಯಾಗಿ ಬರುತ್ತವೆ. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬಾರದಿದ್ದರೆ ಎಕ್ಸ್‌ರೇ ಅಗತ್ಯ.

* ಹತ್ತು ವರ್ಷದಲ್ಲಿ ಕೋರೆಹಲ್ಲಿನ ಉಬ್ಬು ಮುಟ್ಟಿ ನೋಡಿ.

* ಹಾಲುಹಲ್ಲಿನ ಹುಳುಕಿಗೂ ಚಿಕಿತ್ಸೆ ಮಾಡಿಸಿ.

ಹೆಣ್ಣುಮಗಳ ಹಲ್ಲಿನ ವಿಷಯ ಅನೇಕ ಮನೆಗಳಲ್ಲಿ ನೆನಪಾಗುವುದು ಅವಳನ್ನು ನೋಡಲು ಗಂಡಿನ ಕಡೆಯವರು ಬರುವ ವಾರ. ಆಗ ಅವಸರದಲ್ಲಿ ಏನಾದರೊಂದು ಹಲ್ಲು ಕಟ್ಟಿಸಲು ಓಡುತ್ತಾರೆ. ಅಷ್ಟರವರೆಗೆ ಆ ಹುಡುಗಿ ಎಷ್ಟು ವರ್ಷ ದುಪಟ್ಟಾದ ಅಂಚಿನಿಂದ ಬಾಯಿ ಮುಚ್ಚಿ ನಕ್ಕಿದ್ದಾಳೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಚಿಕಿತ್ಸೆ ಬರುವವರ ಕಣ್ಣಿಗಾಗಿ ಅಲ್ಲ, ಅವಳು ಚೆನ್ನಾಗಿ ಜಗಿಯಲು, ಮನಸಾರೆ ನಗಲು. ಇವತ್ತು ಸಂಜೆ ಮಕ್ಕಳು ಶಾಲೆಯಿಂದ ಬಂದ ಮೇಲೆ ಒಮ್ಮೆ ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ ಅವರ ಹಲ್ಲುಗಳನ್ನು ಎಣಿಸಿ ನೋಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ.